ಆ್ಯಡ್ವರ್ಬ್ ಎಲ್ಲಿ ಕೂರಬೇಕು? ವಾಕ್ಯವನ್ನು ಹಿಂದಿನಿಂದ ಓದಿಸಿ ನೋಡಿ

ಕನ್ನಡದ ಮಕ್ಕಳಿಗೆ ಇಂಗ್ಲಿಷಿನ ಆ್ಯಡ್ವರ್ಬ್, ಅಂದರೆ ಕ್ರಿಯಾವಿಶೇಷಣ, ಗುರುತಿಸೋದು ಕಷ್ಟವೇನಲ್ಲ. ಕ್ವಿಕ್‌ಗೆ ‘ಲಿ’ ಹಚ್ಚಿದರೆ ಕ್ವಿಕ್ಲಿ, ಇದು ಎಲ್ಲರಿಗೂ ಬರುತ್ತೆ. ಅದನ್ನು ವಾಕ್ಯದಲ್ಲಿ ಕೂರಿಸುವಾಗಲೇ ಪೇಚಾಟ. ‘ಐ ಯೆಸ್ಟರ್ಡೇ ವೆಂಟ್’, ‘ಶೀ ಸ್ಪೀಕ್ಸ್ ವೆಲ್ ಇಂಗ್ಲಿಷ್’. ನನ್ನ ಕ್ಲಾಸಲ್ಲಿ ಹತ್ತು ವಾಕ್ಯ ಬರೆಸಿದರೆ ಆರೇಳು ಹೀಗೇ ಇರುತ್ತಿದ್ದವು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿಸಿದೆ. ಮೊದಲು ರೀತಿ, ಆಮೇಲೆ ಜಾಗ, ಕೊನೆಗೆ ಕಾಲ ಅನ್ನುವ ಸೂತ್ರವನ್ನು ಬಾಯಿಪಾಠ ಮಾಡಿಸಿದೆ. ಪರೀಕ್ಷೆಯಲ್ಲಿ ಸೂತ್ರ ಸರಿಯಾಗಿ ಬರೆದರು, ವಾಕ್ಯ ತಪ್ಪು ಬರೆದರು. ಆಮೇಲೆ ಬಣ್ಣದ ಕಾರ್ಡು. ಪ್ರಿಂಟು, ಲ್ಯಾಮಿನೇಷನ್ನು ಅಂತ ಕೈಯಿಂದಲೇ ಸುಮಾರು ದುಡ್ಡು ಹೋಯಿತು. ಕಾರ್ಡು ಮುಂದಿದ್ದಷ್ಟು ಹೊತ್ತು ಸರಿ, ತೆಗೆದಿಟ್ಟ ಮೇಲೆ ಮತ್ತೆ ‘ಯೆಸ್ಟರ್ಡೇ ವೆಂಟ್’. ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದ್ದಂತೂ ಪೂರ್ತಿ ದಂಡ. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತುವುದಷ್ಟೇ ಅದರಲ್ಲಿ ಕೆಲಸ. ಸ್ವಂತ ವಾಕ್ಯ ಕಟ್ಟುವ ಮಾತೇ ಇಲ್ಲ.

ಕೈ ಹಿಡಿದದ್ದು ಬಿಡಿಗಾಸೂ ಖರ್ಚಿಲ್ಲದ ಉಪಾಯ. ಕನ್ನಡ ವಾಕ್ಯ ಬರೆಸಿ, ಕರ್ತೃವನ್ನು ಮೊದಲಲ್ಲೇ ಬಿಟ್ಟು, ಉಳಿದದ್ದನ್ನು ಕ್ರಿಯಾಪದದಿಂದ ಹಿಂದಕ್ಕೆ ಓದಿಸಿದೆ. ‘ಅವನು ನಿನ್ನೆ ಮೈದಾನದಲ್ಲಿ ಚೆನ್ನಾಗಿ ಆಡಿದ.’ ಹಿಂದಿನಿಂದ ಬನ್ನಿ: ಆಡಿದ, ಚೆನ್ನಾಗಿ, ಮೈದಾನದಲ್ಲಿ, ನಿನ್ನೆ. ‘ಹೀ ಪ್ಲೇಡ್ ವೆಲ್ ಆನ್ ದ ಫೀಲ್ಡ್ ಯೆಸ್ಟರ್ಡೇ.’ ಸೂತ್ರದ ಹೆಸರೇ ಎತ್ತಲಿಲ್ಲ, ಕ್ರಮ ತಾನಾಗಿ ಬಂತು.

ನನಗೆ ಇನ್ನೂ ಖುಷಿ ಕೊಟ್ಟದ್ದು ಈ ವಾಕ್ಯ: ‘ಅವಳು ನಿನ್ನೆ ಸದ್ದಿಲ್ಲದೆ ಮನೆಗೆ ಹೋದಳು.’ ಹೋಗು, ಬಾ ತರದ ಕ್ರಿಯೆ ಬಂದಾಗ ಇಂಗ್ಲಿಷಲ್ಲಿ ಸಾಮಾನ್ಯವಾಗಿ ಜಾಗ ಮೊದಲು, ರೀತಿ ಆಮೇಲೆ. ಬಾಯಿಪಾಠದ ಸೂತ್ರ ಇಲ್ಲಿ ಉಲ್ಟಾ ಹೊಡೆಯುತ್ತೆ. ಹಿಂದಿನಿಂದ ಓದಿದವನಿಗೆ ಮಾತ್ರ ‘ವೆಂಟ್ ಹೋಮ್ ಕ್ವೈಟ್ಲಿ ಯೆಸ್ಟರ್ಡೇ’ ಅಂತ ಸರಿಯಾಗೇ ಸಿಗುತ್ತೆ! ಇದನ್ನು ಯಾವ ಗೈಡಲ್ಲೂ ನಾನು ನೋಡಿಲ್ಲ.

ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. “ಕನ್ನಡದಲ್ಲಿ ಯೋಚನೆ ಮಾಡೋದನ್ನ ಬಿಡಿಸ್ಬೇಕು ಸಾರ್, ನೀವು ಅದಕ್ಕೇ ಕಟ್ಟಿಹಾಕ್ತಿದ್ದೀರಲ್ಲ” ಅಂದರು. ಮಕ್ಕಳು ಹೇಗೂ ಕನ್ನಡದಲ್ಲೇ ಯೋಚಿಸುತ್ತಾರೆ, ಅಲ್ವಾ? ಅದನ್ನೇ ಬಳಸಿಕೊಂಡೆ. ಒಂದು ಟರ್ಮ್ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಒಂದೆರಡು ತಪ್ಪಿಗೆ ಇಳಿಯಿತು. ಅದೇ ಮೇಷ್ಟ್ರುಗಳು ಈಗ ನನ್ನ ವರ್ಕ್‌ಶೀಟ್ ಒಯ್ಯುತ್ತಾರೆ.

ಎರಡು ಕಡೆ ಹುಷಾರು. ಕರ್ಮಪದ ಇದ್ದರೆ ಅದನ್ನು ಮೊದಲು ಕ್ರಿಯಾಪದಕ್ಕೆ ಅಂಟಿಸಿಬಿಡಿ. ಇಲ್ಲದಿದ್ದರೆ ‘ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ’ ಅನ್ನೋದು ಮತ್ತೆ ‘ಸ್ಪೀಕ್ಸ್ ವೆಲ್ ಇಂಗ್ಲಿಷ್’ ಆಗುತ್ತೆ. ಇನ್ನೊಂದು, ಆಲ್ವೇಸ್, ಆಫನ್, ನೆವರ್ ಗುಂಪು. ಇವು ಈ ಲೆಕ್ಕಕ್ಕೇ ಬರೋದಿಲ್ಲ. ‘ಹೀ ಆಲ್ವೇಸ್ ಕಮ್ಸ್ ಲೇಟ್’, ಆದರೆ ‘ಹೀ ಈಸ್ ಆಲ್ವೇಸ್ ಲೇಟ್’, ‘ಹೀ ಹ್ಯಾಸ್ ನೆವರ್ ಕಮ್ ಲೇಟ್’. ಇದಕ್ಕೆ ನನ್ನದೇ ಒಂದು ಚಪ್ಪಾಳೆ ಆಟ ಇದೆ. ಅದು ಸದ್ಯಕ್ಕೆ ನನ್ನ ಕ್ಲಾಸಲ್ಲೇ ಇರಲಿ.

ಸುಮ್ನೆ ‘ಓನ್ಲಿ’ ಮೇಲೂ ಒಂದು ಪ್ರಯೋಗ ಮಾಡಿದೆ. ನಮ್ಮ ‘ಮಾತ್ರ’ ಪದದ ನಂತರ ಬರುತ್ತೆ, ‘ಓನ್ಲಿ’ಯನ್ನು ಅದೇ ಪದದ ಮೊದಲು ಇಡಬೇಕು. ‘ಅವಳು ಮಾತ್ರ ನನ್ನನ್ನು ಕರೆದಳು’: ‘ಓನ್ಲಿ ಶೀ ಇನ್ವೈಟೆಡ್ ಮೀ.’ ‘ಅವಳು ನನ್ನನ್ನು ಮಾತ್ರ ಕರೆದಳು’: ‘ಶೀ ಇನ್ವೈಟೆಡ್ ಓನ್ಲಿ ಮೀ.’ ಅಲ್ಲೂ ಉಲ್ಟಾ ಲೆಕ್ಕವೇ ನಡೆಯಿತು.

ಹಾರ್ಡ್, ಹಾರ್ಡ್ಲಿ ಜೋಡಿಗೆ ಮಾತ್ರ ಯಾವ ಉಪಾಯವೂ ನಾಟಲಿಲ್ಲ. ‘ಐ ವರ್ಕ್ ಹಾರ್ಡ್’ ಅಂದರೆ ಕಷ್ಟಪಟ್ಟು ದುಡಿಯುವವನು, ‘ಐ ಹಾರ್ಡ್ಲಿ ವರ್ಕ್’ ಅಂದರೆ ಕೆಲಸ ಮಾಡೋದೇ ಕಮ್ಮಿ. ಲೇಟ್ (ತಡವಾಗಿ), ಲೇಟ್ಲಿ (ಇತ್ತೀಚೆಗೆ) ಕೂಡ ಹಾಗೇ. ಈ ನಾಲ್ಕನ್ನು ಈಗಲೂ ಬಾಯಿಪಾಠವೇ ಮಾಡಿಸುತ್ತೇನೆ.