ಕ್ಯಾಮೆರಾ ಹಿಡಿದು ಜಪಾನಿಗೆ ಬಂದ ಹೊಸಬರಿಗೆ

ಜಪಾನಿಗೆ ಬಂದ ಮೊದಲ ಶನಿವಾರವೇ ಕ್ಯಾಮೆರಾ ನೇತುಹಾಕಿಕೊಂಡು ಫ್ಯೂಜಿ ಪರ್ವತ ನೋಡಲು ಓಡಬೇಡಿ. ಫ್ಯೂಜಿ ಅಲ್ಲೇ ಇರುತ್ತದೆ, ನೀವೂ ಇಲ್ಲೇ ಇರುತ್ತೀರಿ. ಟೂರಿಸ್ಟಿನ ಕೈಯಲ್ಲಿ ಇರುವುದು ಒಂದೆರಡು ವಾರ. ಮೋಡ ಮುಚ್ಚಿದರೂ ಮಳೆ ಹೊಯ್ದರೂ ಅವರು ಅವತ್ತೇ ತೆಗೆಯಬೇಕು. ನಮಗೆ ಆ ಗಡಿಬಿಡಿ ಇಲ್ಲ. ಇಲ್ಲಿ ವಾಸ ಮಾಡುವವರ ಹಾಗೆ ಫೋಟೊ ತೆಗೆಯಿರಿ ಅಂತ ಹೊಸಬರಿಗೆ ನಾನು ಹೇಳುತ್ತಲೇ ಇರುತ್ತೇನೆ. ಅದಕ್ಕೆ ಮೊದಲು ವಾಸದ ಕೆಲಸ ಮುಗಿಯಬೇಕು.

ನರಿತಾ, ಹನೇದಾ, ಕನ್ಸಾಯಿಯಂಥ ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿದರೆ ಅಲ್ಲೇ ಝೈರ್ಯು ಕಾರ್ಡ್, ಅಂದರೆ ವಿದೇಶಿಯರ ವಾಸದ ಗುರುತಿನ ಚೀಟಿ, ಕೈಗೆ ಬರುತ್ತದೆ. ಮನೆ ಗೊತ್ತಾದ ಮೇಲೆ 14 ದಿನದೊಳಗೆ ನಿಮ್ಮ ವಾರ್ಡಿನ ಕಚೇರಿ ಕುಯಾಕುಶೊಗೋ ಊರಿನ ಕಚೇರಿ ಶಿಯಾಕುಶೊಗೋ ಹೋಗಿ ಕಾರ್ಡಿನ ಹಿಂದೆ ವಿಳಾಸ ಬರೆಸಿಕೊಳ್ಳಿ. ಫೋನ್, ಬ್ಯಾಂಕ್ ಖಾತೆ ಎಲ್ಲಕ್ಕೂ ಅದೇ ಆಧಾರ. ಆರೋಗ್ಯ ವಿಮೆಯೂ ಆದರೆ ಆಸ್ಪತ್ರೆ ಖರ್ಚಿನಲ್ಲಿ ಸಾಮಾನ್ಯವಾಗಿ 30% ಮಾತ್ರ ನಿಮ್ಮದು.

ಆ ಕಾರ್ಡ್ ಸದಾ ಜೇಬಿನಲ್ಲಿರಲಿ. 16 ವರ್ಷ ದಾಟಿದವರು ಇಟ್ಟುಕೊಂಡೇ ಓಡಾಡಬೇಕು ಅಂತ ಕಾನೂನೇ ಇದೆ. ಕ್ಯಾಮೆರಾದವರಿಗೆ ಇದು ಇನ್ನೂ ಮುಖ್ಯ. ರಾತ್ರಿ ಹನ್ನೊಂದಕ್ಕೆ ಹೊಳೆ ಪಕ್ಕ ಟ್ರೈಪಾಡ್ ಇಟ್ಟುಕೊಂಡು ಒಬ್ಬರೇ ನಿಂತಿದ್ದರೆ ಸೈಕಲ್ಲಿನಲ್ಲಿ ಬಂದ ಪೊಲೀಸರು ವಿಚಾರಿಸಬಹುದು. ಗಾಬರಿ ಬೇಡ. ಕಾರ್ಡ್ ತೋರಿಸಿ, ತೆಗೆದ ಫೋಟೊ ತೋರಿಸಿ, ಅಷ್ಟೇ.

ಇನ್ನು ಜನರ ವಿಷಯ. ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕ್ಯಾಮೆರಾ ಎತ್ತಿದರೆ ಹೂ ಮಾರುವವರೇ 'ನಂದೂ ಒಂದು ಹೊಡೀರಿ ಸಾರ್' ಅನ್ನುತ್ತಾರೆ, ಅಲ್ವಾ? ಇಲ್ಲಿ ಅಂಗಡಿಯವರು ಎರಡು ತೋಳನ್ನೂ ಎದೆ ಮುಂದೆ ಅಡ್ಡ ಹಿಡಿದು ಕತ್ತರಿ ಮಾಡಿ ತೋರಿಸುತ್ತಾರೆ. ಬೇಡ ಅಂತ ಅರ್ಥ. ಕೋಪ ಇರುವುದಿಲ್ಲ, ಆದರೆ ಎರಡನೇ ಸಲ ಕೇಳಬಾರದು. ತನ್ನ ಮುಖದ ಚಿತ್ರ ತನ್ನ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು ಎಂಬ ಹಕ್ಕನ್ನು ಇಲ್ಲಿನ ಕೋರ್ಟುಗಳೂ ಎತ್ತಿ ಹಿಡಿದಿವೆ. ಟಿವಿ ಸುದ್ದಿಯಲ್ಲಿ ನೋಡಿ, ದಾರಿಹೋಕರ ಮುಖ ಮಸುಕು ಮಾಡಿರುತ್ತಾರೆ. ಬೀದಿ ಫೋಟೊ ತೆಗೆಯುವುದೇ ಅಪರಾಧವಲ್ಲ. ಆದರೆ ಒಬ್ಬರ ಮುಖವೇ ವಿಷಯವಾದರೆ ಕೇಳಿ ತೆಗೆಯಿರಿ. 'ಶಾಶಿನ್ ತೊತ್ತೆಮೊ ಈ ದೆಸುಕಾ' ಅಂದರೆ ಸಾಕು. ಕೇಳಲು ಸಂಕೋಚವಾದರೆ ಬೆನ್ನು, ನೆರಳು, ಕೊಡೆ ಇವನ್ನು ತೆಗೆಯಿರಿ. ಮಳೆಯ ದಿನ ಪಾರದರ್ಶಕ ಕೊಡೆಗಳ ಸಾಲೊಂದು ಸಿಗ್ನಲ್ ದಾಟುವುದನ್ನು ನೋಡಿದರೆ ಮುಖ ಬೇಕು ಅಂತಲೇ ಅನ್ನಿಸುವುದಿಲ್ಲ.

ಇಲ್ಲಿ ಕೊಂಡ ಫೋನಿನ ಕ್ಯಾಮೆರಾ 'ಕ್ಲಿಕ್' ಅಂತ ಜೋರಾಗಿ ಸದ್ದು ಮಾಡುತ್ತದೆ, ಸೈಲೆಂಟಿನಲ್ಲಿ ಇಟ್ಟರೂ. ಕದ್ದು ಫೋಟೊ ತೆಗೆಯುವುದನ್ನು ತಡೆಯಲು ಕಂಪನಿಗಳೇ ಮಾಡಿಕೊಂಡ ಏರ್ಪಾಡು ಅದು. ಊರಿನಿಂದ ತಂದ ಫೋನ್ ಸದ್ದು ಮಾಡದಿದ್ದರೆ ರೈಲಿನೊಳಗೆ ಅದನ್ನು ಎತ್ತಿ ಹಿಡಿಯಲೇಬೇಡಿ. ಅಶ್ಲೀಲವಾಗಿ ಕದ್ದು ಚಿತ್ರ ತೆಗೆಯುವುದರ ವಿರುದ್ಧ 2023ರ ಜುಲೈಯಿಂದ ದೇಶಕ್ಕೆಲ್ಲ ಒಂದೇ ಕಾನೂನು ಬಂದಿದೆ. ಕಿಟಕಿಯಾಚೆಯದನ್ನು ತೆಗೆಯುತ್ತಿದ್ದೀರಿ ಅಂತ ಎದುರು ಕೂತವರಿಗೆ ಹೇಗೆ ಗೊತ್ತಾಗಬೇಕು?

ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಶಾಲೆಯ ಉಂದೋಕೈ, ಅಂದರೆ ಆಟೋಟದ ದಿನ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುತ್ತದೆ. ಹಾಗಂತ ಪಕ್ಕದ ಮಗು ಇರುವ ಫೋಟೊ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಶಾಲೆಯಿಂದ ಬರುವ ಚೀಟಿಯಲ್ಲಿ ಇದನ್ನು ಬರೆದಿರುವುದುಂಟು, ನಾವು ಓದದೆ ಮಡಚಿ ಇಡುತ್ತೇವೆ.

ಕ್ಯೋಟೊದ ಗಿಯೊನ್‌ನಲ್ಲಿ ಮೈಕೊ, ಅಂದರೆ ಗೇಯ್ಶಾ ಕಲೆ ಕಲಿಯುತ್ತಿರುವ ಹೆಣ್ಣುಮಕ್ಕಳ ಹಿಂದೆ ಕ್ಯಾಮೆರಾ ಹಿಡಿದು ಓಡಿದವರಿಂದಾಗಿ ಖಾಸಗಿ ಗಲ್ಲಿಗಳಲ್ಲಿ 10,000 ಯೆನ್ ದಂಡದ ಬೋರ್ಡ್ ಬಂತು. ಫ್ಯೂಜಿಕವಾಗುಚಿಕೊ ಊರಿನಲ್ಲಿ ಲಾಸನ್ ಅಂಗಡಿಯ ಮೇಲೆ ಫ್ಯೂಜಿ ಕಾಣುವ ಜಾಗಕ್ಕೆ 2024ರ ಮೇ ತಿಂಗಳಲ್ಲಿ ಕಪ್ಪು ಪರದೆಯನ್ನೇ ಕಟ್ಟಿದರು. ಜನ ರಸ್ತೆಗೆ ನುಗ್ಗುತ್ತಿದ್ದರು, ಕಸ ಬಿಸಾಡುತ್ತಿದ್ದರು, ಅದಕ್ಕೆ. ತಪ್ಪು ಪ್ರವಾಸಿಗಳದೇ ಇರಬಹುದು. ಆದರೆ ಕ್ಯಾಮೆರಾ ಹಿಡಿದ ವಿದೇಶಿಯನ್ನು ಕಂಡಾಗ ಪಕ್ಕದ ಬೀದಿಯ ಅಜ್ಜಿಗೆ ನೆನಪಾಗುವುದು ಅದೇ. ಅವರೊಂದಿಗೆ ವರ್ಷಾನುಗಟ್ಟಲೆ ಇರಬೇಕಾದವರು ನಾವು.

ರೈಲು ಪ್ಲಾಟ್‌ಫಾರಂನಲ್ಲಿ ಹಳದಿ ಉಬ್ಬು ಪಟ್ಟಿ ದಾಟಬೇಡಿ, ಸೆಲ್ಫಿ ಕೋಲು ಚಾಚಬೇಡಿ, ಚಾಲಕನ ಕಡೆ ಫ್ಲ್ಯಾಶ್ ಹೊಡೆಯಬೇಡಿ. ಡ್ರೋನ್ 100 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕದ್ದಾದರೆ ನೋಂದಣಿ ಕಡ್ಡಾಯ, ಜನದಟ್ಟಣೆ ಇರುವ ಕಡೆ ಅನುಮತಿ ಬೇರೆ ಬೇಕು. ಟೋಕಿಯೊದಲ್ಲಿ ಅದನ್ನು ಮರೆತುಬಿಡುವುದೇ ವಾಸಿ.

ಕ್ಯಾಮೆರಾ ಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಟೋಕಿಯೊದ ಶಿಂಜುಕುವಿನ ದೊಡ್ಡ ಅಂಗಡಿಗಳಲ್ಲಿ 'ಟ್ಯಾಕ್ಸ್ ಫ್ರೀ' ಬೋರ್ಡ್ ನೋಡಿ ಹಿಗ್ಗಬೇಡಿ, ಅದು ಟೂರಿಸ್ಟಿಗೆ. ಕೆಲಸದ ವೀಸಾದವರು 10% ತೆರಿಗೆ ಕೊಡಲೇಬೇಕು. ಸೋನಿಯ ಹಲವು ಮಾದರಿಗಳ ಮೆನು ಇಲ್ಲಿ ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ, ಆಮೇಲೆ ಬದಲಾಗುವುದಿಲ್ಲ. ದುಡ್ಡು ಕೊಡುವ ಮುಂಚೆ ಮೆನು ತೆರೆದು ನೋಡಿ.

ನನ್ನ ಕೇಳಿದರೆ ಹೊಸದಕ್ಕಿಂತ ಸೆಕೆಂಡ್ ಹ್ಯಾಂಡೇ ಮೇಲು. ಶಿಂಜುಕು, ನಕಾನೊ ಕಡೆಯ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಪ್ರತಿ ಲೆನ್ಸಿನ ಮುಂದೆಯೂ ಒಂದು ಪುಟ್ಟ ಚೀಟಿ ಇರುತ್ತದೆ. ಎ, ಎಬಿ, ಬಿ ಅಂತ ದರ್ಜೆ. ಕೆಳಗೆ ಸಣ್ಣ ಅಕ್ಷರದಲ್ಲಿ ದೋಷಗಳು: ಗೀರು, ಮಂಜು, 'ಕಬಿ' ಅಂದರೆ ಬೂಷ್ಟು. ನೂಲಿನೆಳೆಯಷ್ಟು ಗೀರಿದ್ದರೂ ಬರೆದಿರುತ್ತಾರೆ. ಫೋನಿನಲ್ಲಿ ಅನುವಾದಿಸಿ ಓದಿಕೊಳ್ಳಿ. ತೋರಿಸಿ ಅಂದರೆ ಕೌಂಟರಿನ ಮೇಲೆ ಮೆತ್ತನೆ ಚಾಪೆ ಹಾಸಿ, ಎರಡೂ ಕೈಯಲ್ಲಿ ತಂದಿಡುತ್ತಾರೆ. ನಿಮ್ಮ ಕ್ಯಾಮೆರಾಕ್ಕೆ ಹಾಕಿ ನೋಡಬಹುದಾ ಅಂತ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಚೌಕಾಸಿ ಮಾತ್ರ ಬೇಡ. 'ಜಂಕ್' ಅಂತ ಬರೆದ ಬುಟ್ಟಿಯಲ್ಲಿ ಕೈಯಾಡಿಸುವುದು ಮಜಾ, ಆದರೆ ಅದರಿಂದ ಕೊಂಡದ್ದಕ್ಕೆ ವಾಪಸಾತಿ ಇಲ್ಲ. ನಾಳೆ ನಿಮ್ಮದನ್ನು ಮಾರಲು ಹೋದರೆ ಗುರುತಿನ ಚೀಟಿ ಕೇಳುತ್ತಾರೆ, ಅದು ಹಳೆ ಸಾಮಾನು ವ್ಯಾಪಾರದ ಕಾನೂನು.

ಬೂಷ್ಟು ಅಂದೆನಲ್ಲ, ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸುವುದು ಬೇಡ. ಟೋಕಿಯೊದಲ್ಲಿ ಜೂನ್‌ನಿಂದ ಜುಲೈ ಮಧ್ಯದವರೆಗೆ ತ್ಸುಯು, ಅಂದರೆ ಮಳೆಗಾಲ. ಮುಚ್ಚಿದ ಸಣ್ಣ ಮನೆ, ಒಳಗೇ ಒಣಹಾಕಿದ ಬಟ್ಟೆ, ಗೋಡೆಯ ಬೀರುವಿನಲ್ಲಿ ಲೆನ್ಸು: ಬೂಷ್ಟಿಗೆ ಇನ್ನೇನು ಬೇಕು? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಪೊಟ್ಟಣ, ಒಂದು ತೇವಮಾಪಕ ತನ್ನಿ. 40ರಿಂದ 50%ರಲ್ಲಿ ನಿಂತರೆ ನೆಮ್ಮದಿ. ಹಾಗಂತ ಕ್ಯಾಮೆರಾ ಅದರೊಳಗೇ ಕೂರುವುದು ಬೇಡ. ಕಾಮಾಕುರದ ಗುಡಿಗಳಲ್ಲಿ ಹೈಡ್ರೇಂಜಿಯಾ ಅರಳುವುದು ಈ ಮಳೆಯಲ್ಲೇ.

ಬೆಳಕಿನ ಲೆಕ್ಕವೂ ಬೇರೆ. ಬೆಂಗಳೂರಿನಲ್ಲಿ ವರ್ಷವಿಡೀ ಆರರ ಆಸುಪಾಸಿಗೆ ಬೆಳಗಾಗುತ್ತದೆ. ಟೋಕಿಯೊದಲ್ಲಿ ಜೂನ್‌ನಲ್ಲಿ ನಾಲ್ಕೂವರೆಗೇ ಸೂರ್ಯ ಹುಟ್ಟಿರುತ್ತಾನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ, ಆಫೀಸಿನಿಂದ ಹೊರಬರುವಾಗ ಕತ್ತಲೆ. ಆದರೂ ಚಳಿಗಾಲವೇ ನನಗೆ ಇಷ್ಟ. ಗಾಳಿ ಒಣಗಿ ತಿಳಿಯಾಗಿರುತ್ತದೆ, ಬೆಳಿಗ್ಗೆ ಎತ್ತರದ ಮಹಡಿಯಿಂದ, ಕೆಲವು ಸೇತುವೆಗಳಿಂದ ಟೋಕಿಯೊದಲ್ಲಿ ನಿಂತೇ ಫ್ಯೂಜಿ ಕಾಣುತ್ತದೆ. ಬೇಸಿಗೆಯಲ್ಲಿ ದುಡ್ಡು ಸುರಿದು ಹತ್ತಿರ ಹೋದವರಿಗೆ ಎಷ್ಟೋ ಸಲ ಮೋಡವೇ ಗತಿ. ಅಷ್ಟಾಗಿಯೂ ಹೋಗಲೇಬೇಕು ಅಂದರೆ ಫ್ಯೂಜಿಯೊಶಿದಾದ ಚುರೇಯ್ತೊ ಗೋಪುರಕ್ಕೆ ಚಳಿಗಾಲದಲ್ಲಿ, ಶನಿವಾರ ಭಾನುವಾರ ಬಿಟ್ಟು, ಒಂದು ದಿನ ರಜೆ ಹಾಕಿ ಹೋಗಿ. 398 ಮೆಟ್ಟಿಲು ಹತ್ತಬೇಕು.

ಸಕುರಾ, ಅಂದರೆ ಚೆರ್ರಿ ಹೂವು, ಟೋಕಿಯೊದಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್ ಶುರುವಿನ ತನಕ, ತುಂಬು ಅರಳಿದ್ದು ವಾರ ಉಳಿದರೆ ಹೆಚ್ಚು. ಮೆಗುರೊ ಹೊಳೆಯ ನೂಕುನುಗ್ಗಲು ಒಂದು ಸಲ ನೋಡಿ ಬನ್ನಿ ಸಾಕು. ಆಮೇಲೆ ನಿಮ್ಮ ಮನೆ ಹತ್ತಿರದ ಕಾಲುವೆಯ ಒಂದು ಮರ ಹಿಡಿಯಿರಿ. ಮೊಗ್ಗು, ಹೂವು, ಉದುರಿದ ಎಸಳು ತೇಲುವ ನೀರು, ಹಸಿರೆಲೆ, ಎಲ್ಲವನ್ನೂ ದಿನಾ ಹಾಲಿಗೆ ಹೋಗುವಾಗ ತೆಗೆಯಬಹುದು. ಟೂರಿಸ್ಟಿಗೆ ಇದು ಸಿಗುವುದಿಲ್ಲ.

ಸುಮ್ನೆ ನಿಮ್ಮ ಬೀದಿಯ ಕಸದ ಮೂಲೆಯನ್ನೇ ನೋಡಿ. ಸುಡುವ ಕಸದ ದಿನ ಬೆಳಿಗ್ಗೆ ಎಂಟರೊಳಗೆ ಚೀಲಗಳು ಹಸಿರು ಅಥವಾ ನೀಲಿ ಬಲೆಯ ಕೆಳಗೆ ಸೇರುತ್ತವೆ. ಬಲೆಯ ಅಂಚಿಗೆ ನೀರು ತುಂಬಿದ ಬಾಟಲಿ ಕಟ್ಟಿರುತ್ತಾರೆ, ಕಾಗೆ ಎತ್ತದಿರಲಿ ಅಂತ. ವಿದ್ಯುತ್ ತಂತಿಯ ಮೇಲೆ ಕಾಗೆ ಕೂತು ಕಾಯುತ್ತಿರುತ್ತದೆ. ಒಳ್ಳೆ ಫೋಟೊ. ನೀವು ಆ ದಿನ ತಪ್ಪಾದ ಕಸ ಇಟ್ಟಿದ್ದರೆ ನಿಮ್ಮ ಚೀಲ ಮಾತ್ರ ಚೀಟಿ ಅಂಟಿಸಿಕೊಂಡು ಅಲ್ಲೇ ಉಳಿದಿರುತ್ತದೆ, ಅದೂ ಫೋಟೊಕ್ಕೆ ಬರುತ್ತದೆ!

ದೂರ ಹೋಗುವಾಗ ಬುತ್ತಿ ಕಟ್ಟಿಕೊಳ್ಳಿ. ಸಸ್ಯಾಹಾರಿಗಳಿಗೆ ತೊಂದರೆ ಮಾಂಸದ್ದಲ್ಲ, ದಾಶಿಯದು, ಅಂದರೆ ಅಡುಗೆಗೆ ಹಾಕುವ ಸಾರದ್ದು. ತರಕಾರಿ ಸೂಪಿನಲ್ಲೂ ಮೀನಿನ ಸಾರ ಇರಬಹುದು. ಚಿತ್ರಾನ್ನ ಶಿಂಕಾನ್ಸೆನ್‌ನಲ್ಲಿ, ಅಂದರೆ ಬುಲೆಟ್ ರೈಲಿನಲ್ಲಿ, ತಿನ್ನಬಹುದು, ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಬೇಡ. ಸಾಸಿವೆ, ಬೇಳೆ, ರವೆ ಟೋಕಿಯೊದ ನಿಶಿಕಸಾಯಿಯ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ದಾರಿಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ, ಖಾಲಿ ಡಬ್ಬಿಯ ಜೊತೆ ಕಸವೂ ಮನೆಗೆ ಬರಬೇಕು.

ಕೊನೆಗೊಂದು ದುಡ್ಡಿನ ವಿಷಯ. ನಿಮ್ಮ ಫೋಟೊ ಚೆನ್ನಾಗಿದ್ದರೆ ನಾಮಕರಣ, ಸೀಮಂತ, ರಾಜ್ಯೋತ್ಸವಕ್ಕೆಲ್ಲ ನಮ್ಮವರೇ ಕರೆಯುತ್ತಾರೆ. ಆಮೇಲೆ ರೇಟ್ ಕೇಳುತ್ತಾರೆ. ಇಂಜಿನಿಯರ್ ವೀಸಾದಲ್ಲಿ ಬಂದವರಿಗೆ ಫೋಟೊಗ್ರಫಿಯಿಂದ ಸಂಪಾದಿಸಲು ವಲಸೆ ಕಚೇರಿಯ ಬೇರೆ ಅನುಮತಿ ಬೇಕು. ಡಿಪೆಂಡೆಂಟ್ ವೀಸಾದವರಿಗೂ, ವಿದ್ಯಾರ್ಥಿಗಳಿಗೂ ಬೇಕು, ಅವರಿಗೆ ಸಾಮಾನ್ಯವಾಗಿ ಸಿಗುವ ಅನುಮತಿಯಲ್ಲಿ ವಾರಕ್ಕೆ 28 ಗಂಟೆಯ ಮಿತಿಯೂ ಇದೆ. ವೀಸಾ ಮುಂದುವರಿಸುವಾಗ ಇದು ಅಡ್ಡ ಬರಬಾರದು. ಮೊದಲು ಕಂಪನಿಯ ನಿಯಮ ನೋಡಿ, ಆಮೇಲೆ ಅರ್ಜಿ ಹಾಕಿ. ಅನುಮತಿ ಕೈಗೆ ಬರುವ ತನಕ ಯಾರು ರೇಟ್ ಕೇಳಿದರೂ ಹೋಳಿಗೆ ಊಟ ಹಾಕಿ ಸಾಕು ಅನ್ನಿ.