ಹಳೇ ಅಂಬಾಸಿಡರ್‌ಗೆ ಡಿಸ್ಕ್ ಹಾಕ್ತಿದ್ದೀರಾ? ಮಾಸ್ಟರ್ ಸಿಲಿಂಡರ್ ಹೀಗೆ ಆರಿಸಿ

ಹಳೆ ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸಲು ಹೊರಟವರಿಗೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ, ನೆನಪಾಗುವುದು ಕೊನೆಗೆ, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಡಿಸ್ಕ್, ಬ್ರಾಕೆಟ್ ಅಂತ ಜೇಬು ಖಾಲಿಯಾದ ಮೇಲೆ. ಆಗ ಮೆಕ್ಯಾನಿಕ್ ಹೇಳುತ್ತಾರೆ, "ಇರೋದನ್ನೇ ಬಿಡಿ ಸಾರ್, ಹೊಸ ಸೀಲ್ ಕಿಟ್ ಹಾಕಿದ್ರೆ ಆಯ್ತು." ಇಲ್ಲ ಅಂದರೆ, "ದೊಡ್ಡದು ಹಾಕೋಣ, ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತೆ." ಎರಡೂ ತಪ್ಪು. ಅದರಲ್ಲೂ ಎರಡನೆಯದು ಜಾಸ್ತಿ ತಪ್ಪು.

ಯಾಕೆ ಅಂತ ಒಂದು ಲೆಕ್ಕ ನೋಡಿ. ನೀವು ಪೆಡಲ್ ಮೇಲೆ 30 ಕೆಜಿ ಭಾರ ಹಾಕಿದಿರಿ ಅಂದುಕೊಳ್ಳಿ. ಪೆಡಲ್ ರೇಶಿಯೋ, ಅಂದರೆ ಪೆಡಲ್ ಕಾಲಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು, 5 ಇದ್ದರೆ ಸಿಲಿಂಡರಿನ ಪಿಸ್ಟನ್ ಮೇಲೆ 150 ಕೆಜಿ ಬೀಳುತ್ತದೆ. ಬೋರ್ (ಸಿಲಿಂಡರಿನ ಒಳವ್ಯಾಸ) ಮುಕ್ಕಾಲು ಇಂಚು ಆದರೆ ಪಿಸ್ಟನ್ನಿನ ಮುಖ 2.85 ಚದರ ಸೆಂಟಿಮೀಟರ್. ಲೈನಿನಲ್ಲಿ ಪ್ರೆಶರ್ ಚದರ ಸೆಂಟಿಮೀಟರಿಗೆ ಸುಮಾರು 53 ಕೆಜಿ. ಅದೇ ಒಂದು ಇಂಚಿನ ಬೋರ್ ಹಾಕಿದರೆ ಮುಖ 5.07 ಆಗುತ್ತದೆ, ಪ್ರೆಶರ್ 30ಕ್ಕೆ ಇಳಿಯುತ್ತದೆ. ಕಾಲು ಅದೇ, ಪೆಡಲ್ ಅದೇ, ಬ್ರೇಕ್ ಮಾತ್ರ ಹೆಚ್ಚುಕಡಿಮೆ ಅರ್ಧ. ಪೆಡಲ್ ಕಲ್ಲಿನ ಹಾಗೆ ಇರುತ್ತದೆ, ಅದಕ್ಕೇ ಜನ ಬ್ರೇಕ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಗಾಡಿ ನಿಲ್ಲಬೇಕಲ್ವಾ?

ಹಾಗಂತ ತೀರಾ ಚಿಕ್ಕದು ಹಾಕಿದರೆ ಆಯಿಲ್ ಸಾಲುವುದಿಲ್ಲ. ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡು ಪೂರ್ತಿ ಹಿಡಿಯುವಷ್ಟರಲ್ಲಿ 4 ಸಿಸಿ ಆಯಿಲ್ ಬೇಕು ಅನ್ನಿ. ಮುಕ್ಕಾಲು ಇಂಚಿನದ್ದಕ್ಕೆ ಪಿಸ್ಟನ್ 14 ಮಿಲಿಮೀಟರ್ ಓಡಬೇಕು, ಅಂದರೆ ನಿಮ್ಮ ಕಾಲು 70 ಮಿಲಿಮೀಟರ್ ಇಳಿಯಬೇಕು. ಒಂದು ಇಂಚಿನದ್ದಕ್ಕೆ 40 ಸಾಕು. ಕಾಲಿನ ಬಲವೋ ಪೆಡಲ್ ಓಟವೋ, ಎರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ ಇದು.

ಆದ್ದರಿಂದ ಮೊದಲು ಕ್ಯಾಲಿಪರ್ ಗಟ್ಟಿಮಾಡಿಕೊಳ್ಳಿ. ಪಿಸ್ಟನ್ ಎಷ್ಟು ಮಿಲಿಮೀಟರ್, ಎಷ್ಟಿವೆ, ಒಂದೇ ಬದಿಯೋ ಎರಡೂ ಬದಿಯೋ ಬರೆದಿಟ್ಟುಕೊಳ್ಳಿ. ಆಮೇಲೆ ಟೇಪ್ ಹಿಡಿದು ಪೆಡಲ್ ಅಳೆಯಿರಿ. ಪೆಡಲ್ ತೂಗುವ ಪಿನ್ನಿನಿಂದ ಕಾಲಿಡುವ ಜಾಗದ ಮಧ್ಯಕ್ಕೆ ಎಷ್ಟು, ಅದೇ ಪಿನ್ನಿನಿಂದ ತಳ್ಳುವ ರಾಡ್ ಕೂತಿರುವ ಜಾಗಕ್ಕೆ ಎಷ್ಟು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಅದೇ ಪೆಡಲ್ ರೇಶಿಯೋ. ಬೂಸ್ಟರ್ (ವ್ಯಾಕ್ಯೂಮಿನ ಬಲದಿಂದ ಕಾಲಿಗೆ ಸಹಾಯ ಮಾಡುವ ಭಾಗ) ಇಲ್ಲದಿದ್ದರೆ 5ರಿಂದ 6 ಬರಬೇಕು. ಬೂಸ್ಟರ್ ಇದ್ದರೆ 4 ಸಾಕು.

ಹಳೆಯ ಡ್ರಮ್ ಬ್ರೇಕಿನಲ್ಲಿ ಶೂ ತಿರುಗುವ ಡ್ರಮ್ಮಿಗೆ ಸಿಕ್ಕಿ ತನ್ನಷ್ಟಕ್ಕೆ ಇನ್ನೂ ಬಿಗಿಯಾಗುತ್ತದೆ. ಡಿಸ್ಕಿಗೆ ಆ ಪುಕ್ಕಟೆ ಸಹಾಯ ಇಲ್ಲ, ಹಾಗಾಗಿ ಅದಕ್ಕೆ ಪ್ರೆಶರ್ ಜಾಸ್ತಿ ಬೇಕು. ಅಂಬಾಸಿಡರ್ ತೂಕದ ಗಾಡಿಗೆ ಬೂಸ್ಟರ್ ಇಲ್ಲದೆ ಹೋಗುವುದಾದರೆ ನಾನು ಮುಕ್ಕಾಲು ಇಂಚು ಅಥವಾ 13/16 ಇಂಚಿನ ಬೋರಿನಿಂದ ಶುರು ಮಾಡುತ್ತೇನೆ. ಬೂಸ್ಟರ್ ಇದ್ದರೆ 7/8, ಕ್ಯಾಲಿಪರ್ ದೊಡ್ಡದಿದ್ದರೆ 15/16. ಡೀಸೆಲ್ ಗಾಡಿಯವರು ಒಂದು ಮಾತು ನೆನಪಿಡಿ: ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ (ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ) ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಸಿಗುವುದಿಲ್ಲ. ಬೇರೆ ಪಂಪ್ ಬೇಕೇ ಬೇಕು.

ಸುಲಭದ ದಾರಿ ಅಂದರೆ ಒಂದೇ ಗಾಡಿಯ ಸೆಟ್. ಕೊನೆಯ ವರ್ಷಗಳಲ್ಲಿ ಮುಂದೆ ಡಿಸ್ಕ್ ಇದ್ದ ಅಂಬಾಸಿಡರ್‌ಗಳೂ ಬಂದಿದ್ದವು. ಅಂಥದ್ದರ ಕ್ಯಾಲಿಪರ್, ಬೂಸ್ಟರ್, ಮಾಸ್ಟರ್ ಮೂರೂ ಒಟ್ಟಿಗೆ ಸಿಕ್ಕರೆ ಮೇಲಿನ ಲೆಕ್ಕವೇ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಸುತ್ತಿ ನೋಡಿ. ಆದರೆ ಒಂದು ಗಾಡಿಯ ಕ್ಯಾಲಿಪರ್, ಇನ್ನೊಂದರ ಮಾಸ್ಟರ್ ಅಂತ ಬೆರಕೆ ಮಾಡಿದರೆ ಲೆಕ್ಕ ನಿಮ್ಮದೇ ತಲೆ ಮೇಲೆ.

ಎರಡು ಭಾಗ ಇರುವ ಟ್ಯಾಂಡಮ್ ಮಾಸ್ಟರನ್ನೇ ತೆಗೆದುಕೊಳ್ಳಿ, ಇದರಲ್ಲಿ ಚೌಕಾಸಿ ಬೇಡ. ಹಳೆಯ ಒಂಟಿ ಸಿಲಿಂಡರಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಘಾಟಿಯಲ್ಲಿ ಹಾಗಾದರೆ ಏನು ಗತಿ? ಡಿಸ್ಕಿನ ಕಡೆಯ ಆಯಿಲ್ ಡಬ್ಬಿಯೂ ದೊಡ್ಡದಿರಬೇಕು, ಪ್ಯಾಡ್ ಸವೆದಂತೆ ಆಯಿಲ್ ಕ್ಯಾಲಿಪರಿನೊಳಗೆ ಇಳಿಯುತ್ತಾ ಹೋಗುತ್ತದೆ.

ಡ್ರಮ್ ಮಾಸ್ಟರನ್ನು ಹಾಗೇ ಬಿಡಬಾರದು ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇದೆ. ಅದರ ಹೊರಬಾಯಿಯೊಳಗೆ ಎಷ್ಟೋ ಸಲ ಒಂದು ಪುಟ್ಟ ವಾಲ್ವ್ ಕೂತಿರುತ್ತದೆ. ಅದು ಲೈನಿನಲ್ಲಿ ಸುಮಾರು 10 ಪಿಎಸ್ಐ (ಚದರ ಇಂಚಿಗೆ ಪೌಂಡ್) ಪ್ರೆಶರ್ ಉಳಿಸಿಕೊಳ್ಳುತ್ತದೆ. ಡ್ರಮ್ಮಿಗೆ ಅದು ಬೇಕು, ಶೂ ಸ್ಪ್ರಿಂಗ್ ಎಳೆದುಕೊಳ್ಳುತ್ತದೆ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ, ಹಾಗಾಗಿ ಆ ಪ್ರೆಶರಿಗೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಹಳೆಯ ಮೋರಿಸ್ ಮೈನರ್ ಕಾರಿನ ಥರ ಮಾಸ್ಟರ್ ಡ್ರೈವರ್ ಕಾಲಡಿಯ ನೆಲದ ಕೆಳಗೆ ಇರುವ ಗಾಡಿಗೆ ಮಾತ್ರ ಡಿಸ್ಕಿನ ಲೈನಿಗೆ 2 ಪಿಎಸ್ಐ ವಾಲ್ವ್ ಹಾಕಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಇಳಿದು ಮೊದಲ ಸಲ ಒತ್ತಿದಾಗ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ.

ಕೊಳ್ಳುವಾಗ ಪಿಸ್ಟನ್ನಿನ ಹಿಂಭಾಗದ ಗುಳಿ ನೋಡಿ. ಬೂಸ್ಟರ್ ಜೊತೆ ಬರುವ ಮಾಸ್ಟರಿನಲ್ಲಿ ಸಾಮಾನ್ಯವಾಗಿ ಗುಳಿ ಆಳ ಇರುವುದಿಲ್ಲ. ಅದನ್ನು ಬೂಸ್ಟರ್ ಇಲ್ಲದೆ ಪೆಡಲಿಗೇ ಕೂರಿಸಿದರೆ ರಾಡ್ ಜಾರಿ ಹೊರಗೆ ಬರಬಹುದು. ಪೈಪಿನ ನಟ್ಟಿನ ಥ್ರೆಡ್ಡೂ ನೋಡಿ. ಹಳೆ ಬ್ರಿಟಿಷ್ ಮೂಲದ ಗಾಡಿಗಳಲ್ಲಿ 3/8 ಇಂಚಿನ ಯುಎನ್ಎಫ್ ಥ್ರೆಡ್ ಇರುತ್ತದೆ, ಈಗಿನ ಮಾಸ್ಟರುಗಳಲ್ಲಿ 10 ಮಿಲಿಮೀಟರಿನದು. ಚಿಕ್ಕ ನಟ್ ದೊಡ್ಡ ತೂತಿನಲ್ಲಿ ಎರಡು ಸುತ್ತು ಹೋಗಿ ಕೂತ ಹಾಗೆ ಅನ್ನಿಸುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತದೆ.

ಕೂರಿಸಿದ ಮೇಲೆ ರಾಡ್ ಮತ್ತು ಪಿಸ್ಟನ್ ಮಧ್ಯೆ ಒಂದು ಮಿಲಿಮೀಟರಿನಷ್ಟು ಗ್ಯಾಪ್ ಬಿಡಿ. ಗ್ಯಾಪ್ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ, ಬಿಸಿಯಾದ ಆಯಿಲ್ ಹಿಗ್ಗಿ ಹೋಗಲು ದಾರಿಯಿಲ್ಲದೆ ಬ್ರೇಕ್ ತಾನಾಗಿಯೇ ಜಾಮ್ ಆಗುತ್ತದೆ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಪೆಡಲ್ ಸ್ಪಂಜಿನ ಹಾಗೆ ಇತ್ತು. ಮೂರು ಸಲ ಏರ್ ತೆಗೆದೆವು, ಹೋಗಲಿಲ್ಲ. ಮಾಸ್ಟರೇ ಕೆಟ್ಟಿದೆ ಅಂತ ಹೊಸದು ತಂದೆ. ಅದೇ ಕಥೆ. ಕೊನೆಗೆ ಚಕ್ರ ಬಿಚ್ಚಿ ಟಾರ್ಚ್ ಹಿಡಿದರೆ, ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ! ಏರ್ ಬಿಡುವ ನಿಪ್ಪಲ್ ಕೆಳಗೆ ಮುಖ ಮಾಡಿಕೊಂಡಿತ್ತು. ಗಾಳಿ ಮೇಲೇ ಉಳಿಯುತ್ತಿತ್ತು. ನಿಪ್ಪಲ್ ಯಾವಾಗಲೂ ಮೇಲಕ್ಕಿರಬೇಕು.

ಹೊಸ ಮಾಸ್ಟರನ್ನು ಗಾಡಿಗೆ ಕಟ್ಟುವ ಮೊದಲೇ ವೈಸಿಗೆ ಹಿಡಿದು, ಹೊರಬಾಯಿಯಿಂದ ಪೈಪನ್ನು ಡಬ್ಬಿಯೊಳಗೇ ಬಗ್ಗಿಸಿ, ಡಾಟ್ 3 ಅಥವಾ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ತಳ್ಳಿ. ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಿಸುವುದರ ಬಗ್ಗೆಯೇ ಇದೆ, ಆರ್‌ಟಿಓದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ರಸ್ತೆಗೆ ಇಳಿಸುವ ಮುಂಚೆ ಇಂಜಿನ್ ಓಡಿಸಿ ಒಂದು ನಿಮಿಷ ಪೆಡಲ್ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕುಸಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗಿನ ಸೀಲ್ ಬಿಡುತ್ತಿದೆ. ಆಮೇಲೆ ಖಾಲಿ ಮೈದಾನದಲ್ಲಿ 20ರ ಸ್ಪೀಡಿನಲ್ಲಿ ಜೋರಾಗಿ ಒತ್ತಿ ನೋಡಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಹಿಂದಿನ ಲೈನಿಗೆ ಪ್ರೆಶರ್ ತಗ್ಗಿಸುವ ವಾಲ್ವ್ ಬೇಕು. ಎಲ್ಲ ಸರಿ ಅನ್ನಿಸಿದರೆ ನಾಲ್ಕೈದು ಕಿಲೋಮೀಟರ್ ಬ್ರೇಕ್ ಜಾಸ್ತಿ ಮುಟ್ಟದೆ ಓಡಿಸಿ, ನಿಲ್ಲಿಸಿ ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ಒಂದೇ ಕಡೆ ಸುಡುತ್ತಿದ್ದರೆ ಆ ಕಡೆಯ ಕ್ಯಾಲಿಪರ್ ಬಿಚ್ಚಿ. ಎರಡೂ ಕಡೆ ಸುಡುತ್ತಿದ್ದರೆ ಮತ್ತೆ ಆ ಒಂದು ಮಿಲಿಮೀಟರ್ ಗ್ಯಾಪನ್ನೇ ನೋಡಿ.