ಲಂಡನ್–ಟೋಕಿಯೊ: ದೂರವನ್ನೂ ಹಾರಾಟದ ಹೊತ್ತನ್ನೂ ನಾನೇ ಲೆಕ್ಕ ಹಾಕಿದ್ದು

ಲಂಡನ್‌ನಿಂದ ಟೋಕಿಯೊಗೆ ಟಿಕೆಟ್ ತೆಗೆದ ದಿನವೇ ದೂರ ಎಷ್ಟು, ಹೊತ್ತು ಎಷ್ಟು ಎಂದು ಲೆಕ್ಕಕ್ಕೆ ಕೂತೆ. ಗೋಡೆಯ ಮರ್ಕೇಟರ್ ನಕ್ಷೆಯ (ದುಂಡು ಭೂಮಿಯನ್ನು ಚಪ್ಪಟೆಯಾಗಿ ಹರಡಿ ತೋರಿಸುವ ನಕ್ಷೆ) ಮೇಲೆ ಸ್ಕೇಲಿಟ್ಟು ಎಳೆದ ಗೆರೆ ಕ್ಯಾಸ್ಪಿಯನ್ ಸಮುದ್ರದ ಉತ್ತರ ತುದಿ, ಕಜಕಿಸ್ತಾನ, ಚೀನಾ ಹಾದು ಹೋಯಿತು. ಆ ದಾರಿಯ ಉದ್ದ ಸುಮಾರು 11,300 ಕಿ.ಮೀ. ನೋಡಲು ನೇರ, ಆದರೆ ಹತ್ತಿರದ ದಾರಿ ಅದಲ್ಲ.

ಆಮೇಲೆ ಗ್ಲೋಬ್ ತೆಗೆದುಕೊಂಡು ಎರಡೂ ನಗರಗಳ ನಡುವೆ ದಾರ ಬಿಗಿದೆ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ನಾರ್ವೆ, ಸ್ವೀಡನ್ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಸೈಬೀರಿಯಾದ ಮೇಲಿಂದ ಇಳಿಯಿತು. 30 ಸೆಂ.ಮೀ. ವ್ಯಾಸದ ಆ ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಅಂದರೆ ಭೂಮಿಯ 40,000 ಕಿ.ಮೀ. ದಾರ ಇಪ್ಪತ್ತೆರಡೂವರೆ ಸೆಂ.ಮೀ. ಬಂತು: ಸುಮಾರು 9,570 ಕಿ.ಮೀ. ದೂರ ಅಳೆಯಲು ಇದಕ್ಕಿಂತ ಚೆಂದದ ಸಾಧನ ನಾನು ಕಂಡಿಲ್ಲ.

ತಾಳೆ ನೋಡಲು ಸ್ಪ್ರೆಡ್‌ಶೀಟ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ ಹಾಕಿದೆ; ಎರಡು ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ಗೋಳದ ಮೇಲೆ ಅವುಗಳ ನಡುವಿನ ದೂರ ಹೇಳುವ ಸೂತ್ರ ಅದು. ಮೊದಲ ಉತ್ತರ ಅರ್ಥವಿಲ್ಲದ್ದು ಬಂತು. ಡಿಗ್ರಿಯನ್ನು ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ) ಬದಲಿಸಿರಲಿಲ್ಲ. ಸರಿಪಡಿಸಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದಾಗ 9,557 ಕಿ.ಮೀ. ಬಂತು. ಲಂಡನ್ನಿನ ರೇಖಾಂಶ ಸೊನ್ನೆಗೆ ತುಸು ಪಶ್ಚಿಮಕ್ಕಿರುವುದರಿಂದ ಅದಕ್ಕೆ ಮೈನಸ್ ಚಿಹ್ನೆ ಬೇಕು.

ಗಂಟೆಗೆ 900 ಕಿ.ಮೀ. ವೇಗ, ಏರುವುದು ಇಳಿಯುವುದಕ್ಕೆಂದು 40 ನಿಮಿಷ ಹೆಚ್ಚುವರಿ. ಒಟ್ಟು 11 ಗಂಟೆ 17 ನಿಮಿಷ.

ಟಿಕೆಟ್ ನೋಡಿದರೆ ಸಂಜೆ 7ಕ್ಕೆ ಹೊರಟು ಮರುದಿನ ಸಂಜೆ 6ಕ್ಕೆ ತಲುಪುವುದು. ನಡುವೆ 23 ಗಂಟೆ. ಚಳಿಗಾಲದಲ್ಲಿ ಟೋಕಿಯೊ ಗಡಿಯಾರ ಲಂಡನ್ನಿಗಿಂತ 9 ಗಂಟೆ ಮುಂದೆ. ಅದನ್ನು ಕಳೆದರೂ 14 ಗಂಟೆ ಉಳಿಯಿತು. ಸುಮಾರು ಮೂರು ಗಂಟೆ ಎಲ್ಲಿಂದ ಬಂತು? ಎರಡು ಸಲ ಸೂತ್ರವನ್ನೇ ತಿದ್ದಲು ಹೋದೆ. ಕಾರಣ ಸೂತ್ರದಲ್ಲಿರಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟನ್, ಜಪಾನ್ ವಿಮಾನಗಳು ರಷ್ಯಾದ ಮೇಲೆ ಹಾರುವುದನ್ನು ನಿಲ್ಲಿಸಿದ್ದವು. ದಾರ ಹಾದುಹೋದ ಸೈಬೀರಿಯಾದ ದಾರಿಯೇ ಮುಚ್ಚಿತ್ತು.

ಮರಳುವಾಗ ಎದುರಿನ ಪರದೆಯಲ್ಲಿ ವಿಮಾನ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹೊರಟಿತು! ಹೋಗಬೇಕಾದದ್ದು ಪಶ್ಚಿಮದ ಲಂಡನ್ನಿಗೆ. ಜಪಾನಿನ ಮೇಲೆ ಚಳಿಗಾಲದ ಜೆಟ್ ಗಾಳಿ (ವಿಮಾನ ಹಾರುವ ಎತ್ತರದ ವೇಗದ ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೀಗೆ ಹೊರಟರೆ ಅದು ಎದುರಾಗುವ ಬದಲು ಹಿಂದಿನಿಂದ ತಳ್ಳುತ್ತದೆ. ಅಲಾಸ್ಕಾ ಕಂಡಾಗ ನನಗಾದ ಖುಷಿ ಹೇಳತೀರದು.

ಊರಿಗೆ ಬಂದ ಮೇಲೆ ಅಲಾಸ್ಕಾದ ಆಂಕೊರೇಜ್ ನಗರವನ್ನು ನಡುವಿನ ಬಿಂದುವಾಗಿಟ್ಟು ಮತ್ತೆ ಲೆಕ್ಕ ಹಾಕಿದೆ. ಟೋಕಿಯೊದಿಂದ ಅಲ್ಲಿಗೆ 5,560 ಕಿ.ಮೀ., ಅಲ್ಲಿಂದ ಲಂಡನ್ನಿಗೆ 7,200 ಕಿ.ಮೀ. ಒಟ್ಟು 12,760 ಕಿ.ಮೀ., ಅದೇ ವೇಗದಲ್ಲಿ, ಅದೇ 40 ನಿಮಿಷ ಸೇರಿಸಿ, 14 ಗಂಟೆ 51 ನಿಮಿಷ. ನಾವು ಹಾರಿದ ಹೊತ್ತಿಗೂ ಇದಕ್ಕೂ ಕಾಲು ಗಂಟೆಯಷ್ಟೇ ವ್ಯತ್ಯಾಸ.